ಮೇಷ್ಟ್ರ ಕಾರು ಕುಡಿದ ಬೋರ್ ನೀರು

"ಇನ್ನು ಮುಂದೆ ಈ ಕಾರು ಯಾವ ಮೆಕ್ಯಾನಿಕ್ಕನ ಹೊಸ್ತಿಲನ್ನೂ ತುಳಿಯೋದಿಲ್ಲ! ಇದು ನನ್ನ ಪ್ರತಿಜ್ಞೆ!"

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಬಾನೆಟ್ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದಾಗ ಅಲ್ಲಿ ಇದ್ದದ್ದು ಎರಡೇ ಜೀವ. ಒಂದು ಕಾರು, ಇನ್ನೊಂದು ಹೆಂಡತಿ. ಕಾರಿಗೆ ಬಾಯಿಲ್ಲ. ಹೆಂಡತಿಗೆ ಇತ್ತು, ಆದರೆ ಆಕೆ ಟೈಲರಮ್ಮ. ಆ ಹೊತ್ತಿಗೆ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರು. ಹಾಗಾಗಿ ಪ್ರತಿಜ್ಞೆ ಸರ್ವಾನುಮತದಿಂದ ಅಂಗೀಕಾರವಾಯಿತು.

ಅಷ್ಟಕ್ಕೂ ನಮ್ಮೂರಿನ ಮೆಕ್ಯಾನಿಕ್ ಮಾಡಿದ ಮಹಾಪರಾಧ ಏನು ಅಂತೀರಿ? "ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ ಸಾರ್, ಎಂಜಿನ್ ತಣ್ಣಗಿಡೋ ಕೂಲೆಂಟೇ ಹಾಕಿ" ಅಂದಿದ್ದ, ಪಾಪ. ಯಾರಿಗೆ? ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ನೀರಿನ ಪಾಠ ಮಾಡುತ್ತಿರುವ ಮೇಷ್ಟ್ರಿಗೆ! ಅದೂ ಯಾರು? ಒಂದು ಕಾಲದಲ್ಲಿ ಇದೇ ಮೇಷ್ಟ್ರ ತರಗತಿಯಲ್ಲಿ ಕಡೇ ಬೆಂಚಿಗೆ ಬೇರು ಬಿಟ್ಟುಕೊಂಡು ಕೂತಿದ್ದವನು!

ಮೇಷ್ಟ್ರ ಹತ್ತಿರ ಒಂದು ಪದ್ಧತಿ ಇತ್ತು. ತಪ್ಪು ಉತ್ತರ ಬರೆದವರು ಸರಿ ಉತ್ತರವನ್ನು ಹತ್ತು ಸಲ ಬರೆಯಬೇಕು. "ಅಕ್ಷರ ದುಂಡಗಿರಲಿ!" ಅಂತ ಮೇಲೊಂದು ಆಜ್ಞೆ. ಈ ಮೆಕ್ಯಾನಿಕ್ ಅಲ್ಲಿ ಬರೆದೂ ಬರೆದೂ ಬೆರಳು ಸವೆಸಿಕೊಂಡಿದ್ದ.

"ಅವನಿಂದ ನಾನು ನೀರಿನ ಪಾಠ ಹೇಳಿಸಿಕೊಳ್ಳಬೇಕಾ? ಕೂಲೆಂಟಂತೆ! ನೀರಿಗೆ ಹಸಿರು ಬಣ್ಣ ಹಾಕಿದರೆ ಕೂಲೆಂಟು! ನೀರು ಅಂದರೆ ಎರಡು ಹೈಡ್ರೋಜನ್ನು, ಒಂದು ಆಕ್ಸಿಜನ್ನು. ಮುಗೀತು!"

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು. "ನಮ್ಮ ಬೋರ್ ನೀರಿಗೆ ಕೆಟಲ್ ಒಳಗೆ ಸುಣ್ಣ ಬಳಿದ ಹಾಗಾಗಿದೆ ರೀ. ಕೆರೆದೂ ಕೆರೆದೂ ನನ್ನ ಉಗುರು ಹೋಯ್ತು. ಅದನ್ನೇ ಕಾರಿಗೂ ಕುಡಿಸ್ತೀರಾ?"

"ಕೆಟಲ್ ಬೇರೆ, ಎಂಜಿನ್ ಬೇರೆ ಕಣೇ. ಅದು ಅಡುಗೆಮನೆ, ಇದು ವಿಜ್ಞಾನ!"

ವಿಜ್ಞಾನ ಶುರುವಾಯಿತು. ಇದ್ದ ಕೂಲೆಂಟನ್ನೆಲ್ಲ ಬಸಿದು ಹಾಕಿ, ಎಂಟು ತಿಂಗಳು ಪ್ರತಿ ಭಾನುವಾರ ಮಗುವಿಗೆ ಹಾಲು ಕುಡಿಸುವ ಅಕ್ಕರೆಯಿಂದ ರೇಡಿಯೇಟರಿಗೆ ಬೋರ್ ನೀರು ಕುಡಿಸಿದರು. ಕಾರು ವಾರದಿಂದ ವಾರಕ್ಕೆ ಜಾಸ್ತಿ ಕುಡಿಯತೊಡಗಿತು. "ನೋಡು, ಚೆನ್ನಾಗಿ ನೀರು ಕುಡಿಯೋದು ಆರೋಗ್ಯದ ಲಕ್ಷಣ" ಅಂದರು ಮೇಷ್ಟ್ರು.

ಅಷ್ಟರಲ್ಲಿ ಟೈಲರಮ್ಮನಿಗೆ ಒಂದು ಮದುವೆ ಗೌನು ಹೊಲಿಯುವ ಕೆಲಸ ಬಂತು. ಹನ್ನೆರಡು ವರ್ಷ ಊರಿನ ಹರಿದ ಜಿಪ್ಪು, ಉದ್ದವಾದ ಪ್ಯಾಂಟು ಸರಿಮಾಡಿದ ಹೆಂಗಸಿಗೆ ಇದು ಮೊದಲನೇ ಗೌನು. ಇದೊಂದು ಸರಿಹೋದರೆ ಮನೆ ಮುಂದೆ ಸ್ವಂತ ಬೋರ್ಡು ಹಾಕಬೇಕು ಅಂತ ಆಸೆ. ನಲವತ್ತು ದಿನ ಕಣ್ಣು ಕಿರಿದು ಮಾಡಿಕೊಂಡು ಮಣಿ ಪೋಣಿಸಿದರು. ಮದುವೆ ದಿನ ಬೆಳಿಗ್ಗೆ ಹತ್ತಕ್ಕೆ ಗೌನು ಮದುವೆ ಮನೆ ಮುಟ್ಟಬೇಕು. ಅಲ್ಲೇ ಕೊನೇ ಇಸ್ತ್ರಿಯೂ ಆಗಬೇಕು.

"ಟ್ಯಾಕ್ಸಿ ಕರೀತೀನಿ" ಅಂದರು ಟೈಲರಮ್ಮ.

"ಮನೇಲಿ ನಾನಿರುವಾಗ ಟ್ಯಾಕ್ಸಿಯಾ? ನನ್ನ ಮಾನ ಏನಾಗಬೇಕು?"

ಗೌನು ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಮಲಗಿತು. ಸ್ಟೀಮ್ ಇಸ್ತ್ರಿಪೆಟ್ಟಿಗೆ ಮತ್ತು ಒಂದು ಬಾಟಲಿ ಡಿಸ್ಟಿಲ್ಡ್ ನೀರು ಟೈಲರಮ್ಮನ ಮಡಿಲಲ್ಲಿ. ಅರ್ಧ ದಾರಿಯೂ ಆಗಿರಲಿಲ್ಲ.

"ರೀ, ಆ ಬಿಸಿ ತೋರಿಸೋ ಮುಳ್ಳು ಕೆಂಪು ಗೆರೆ ಮುಟ್ತಿದೆ."

"ಮುಳ್ಳು ಕೆಟ್ಟಿದೆ. ಎಂಜಿನ್ ಗಟ್ಟಿಮುಟ್ಟಾಗಿದೆ."

ಗಟ್ಟಿಮುಟ್ಟಾದ ಎಂಜಿನ್ನು ಸೇತುವೆಯ ಮೇಲೆ ಸರಿಯಾಗಿ ನಟ್ಟನಡುವೆ ಭುಸ್ಸೆಂದಿತು! ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ. ಹಿಂದೆ ಹತ್ತಾರು ಹಾರ್ನು. ಮೇಷ್ಟ್ರು ಕರ್ಚೀಫು ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೊರಟರೆ ಟೈಲರಮ್ಮ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. "ಮುಖ ಬೆಂದು ಹೋಗತ್ತೆ! ಕುದಿಯೋ ಕುಕ್ಕರ್ ಮುಚ್ಚಳ ಯಾರಾದ್ರೂ ತೆಗೀತಾರಾ?"

ಮೇಷ್ಟ್ರ ಕಣ್ಣು ಬಾಟಲಿಯ ಮೇಲೆ ಬಿತ್ತು. "ಕಾರು ಆರಿದ ಮೇಲೆ ಅದನ್ನಾದ್ರೂ ಹಾಕೋಣ, ಕೊಡು."

"ಇದು ಇಸ್ತ್ರಿಪೆಟ್ಟಿಗೇದು! ಬೋರ್ ನೀರು ಹಾಕಿದ್ರೆ ಒಳಗೆಲ್ಲ ಕಟ್ಟಿಕೊಂಡು ಗೌನಿನ ಮೇಲೆ ಬಿಳೀ ಚುಕ್ಕೆ ಉಗುಳತ್ತೆ. ಏಳನೇ ಕ್ಲಾಸು ಓದಿದ ನನಗೆ ಗೊತ್ತು, ನಿಮಗೆ ಗೊತ್ತಿಲ್ವಾ?" ಆಕೆಯ ಕಣ್ಣಲ್ಲಿ ನೀರು ನಿಂತಿತ್ತು. ನಲವತ್ತು ದಿನದ ಕೆಲಸ ಸೇತುವೆಯ ಮೇಲೆ ಬಿಸಿಲು ಕಾಯುತ್ತಿತ್ತು. ಗಂಟೆ ಒಂಬತ್ತೂಕಾಲು. ಆಕೆ ಫೋನ್ ತೆಗೆದು ಮೆಕ್ಯಾನಿಕ್ಕನಿಗೆ ಹಚ್ಚಿದರು.

"ಬೇಡ ಕಣೇ! ಅವನ ಮುಂದೆ ನನ್ನ ಮಾನ ಹೋಗತ್ತೆ!"

"ಹೋಗ್ಲಿ ಬಿಡಿ. ಗೌನು ಉಳಿದ್ರೆ ಸಾಕು."

ಮೆಕ್ಯಾನಿಕ್ ಹದಿನೈದು ನಿಮಿಷದಲ್ಲಿ ತನ್ನ ಹಳೇ ವ್ಯಾನಿನಲ್ಲಿ ಬಂದ. ಕಾರಿಗೆ ಹಗ್ಗ ಕಟ್ಟಿದ. ವ್ಯಾನಿನ ಮುಂದಿನ ಸೀಟಿನಲ್ಲಿ ಗೌನಿಗೆ ಜಾಗವಾಯಿತು, ಟೈಲರಮ್ಮನಿಗೆ ಜಾಗವಾಯಿತು, ಇಸ್ತ್ರಿಪೆಟ್ಟಿಗೆಗೂ ಆಯಿತು. ವಿಜ್ಞಾನಕ್ಕೆ ಮಾತ್ರ ಆಗಲಿಲ್ಲ. ಮೇಷ್ಟ್ರು ಹಿಂದೆ ತಮ್ಮ ಕಾರಿನಲ್ಲೇ ಕೂತು, ಸತ್ತ ಎಂಜಿನ್ನಿನ ಸ್ಟೀರಿಂಗ್ ತಿರುಗಿಸುತ್ತಾ, ಇಡೀ ಪೇಟೆಬೀದಿಗೆ ದರ್ಶನ ಕೊಡುತ್ತಾ ಎಳೆಸಿಕೊಂಡು ಹೋದರು. ಹತ್ತಕ್ಕೆ ಐದು ನಿಮಿಷ ಇರುವಾಗ ಗೌನು ಮದುವೆ ಮನೆ ಸೇರಿತು.

ಗ್ಯಾರೇಜಿನಲ್ಲಿ ಕಾರು ಆರಿದ ಮೇಲೆ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದ. ಒಳಗಿನ ಸಣ್ಣ ಕೊಳವೆಗಳಲ್ಲಿ ಕೆಟಲಿನದೇ ಬಿಳಿ ಪದರ, ಮೇಲೆ ತುಕ್ಕಿನ ಕೆಸರು. ನೀರು ಹರಿಯಲು ಕೂದಲೆಳೆಯಷ್ಟು ಜಾಗವಿತ್ತು.

"'ಗಡಸು ನೀರನ್ನು ಕಾಯಿಸಿದಾಗ ಅದರ ಲವಣಗಳು ಒಳಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಶಾಖ ಹರಿಯದಂತೆ ತಡೆಯುತ್ತವೆ. ಆದ್ದರಿಂದ ಬಾಯ್ಲರುಗಳಲ್ಲಿ ಗಡಸು ನೀರನ್ನು ಬಳಸಬಾರದು.' ಐದು ಅಂಕ ಸಾರ್" ಅಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತಾ.

ಮೇಷ್ಟ್ರು ಬೆಚ್ಚಿದರು. "ಇನ್ನೂ ನೆನಪಿದೆಯೇನೋ ನಿನಗೆ?"

"ನನ್ನ ಕೈಲಿ ಹತ್ತು ಸಲ ಬರೆಸಿದ್ರಲ್ಲ ಸಾರ್, ಮರೆಯೋದು ಹೇಗೆ?" ಅವನು ವಿನಯದಿಂದಲೇ ಹೇಳಿದ. "ನಿಮಗೆ ಯಾರೂ ಬರೆಸಿಲ್ಲ ಅಂತ ಕಾಣತ್ತೆ."

ಸಂಜೆ ಟೈಲರಮ್ಮ ನಗುನಗುತ್ತಾ ಮನೆಗೆ ಬಂದರು. ಗೌನಿನ ಮೇಲೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಇನ್ನೆರಡು ಮದುವೆಯವರು ವಿಳಾಸ ಕೇಳಿದ್ದರು. ಗ್ಯಾರೇಜಿನ ಮುಂದೆಯೇ ಹಾದು ಬಂದಿದ್ದರಿಂದ ಅಲ್ಲಿನ ವರ್ತಮಾನವೂ ಕಿವಿಗೆ ಬಿದ್ದಿತ್ತು. ಮೇಷ್ಟ್ರ ಮುಂದೆ ಒಂದು ನೋಟುಬುಕ್ಕು, ಒಂದು ಪೆನ್ನು ಇಟ್ಟರು. ಆ ಹೊತ್ತು ಆಕೆಯ ಬಾಯಲ್ಲಿ ಒಂದೇ ಒಂದು ಗುಂಡುಸೂಜಿಯೂ ಇರಲಿಲ್ಲ.

"ಹತ್ತು ಸಲ ಬರೀರಿ" ಅಂದರು. "ಅಕ್ಷರ ದುಂಡಗಿರಲಿ!"