ಅಮೀನಗಡದವರೆಗಿನ ಕಾದಂಬರಿ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಿನಾ ದಿನಚರಿ ಬರೆಯುವವಳಿಗೆ ಅದೆಂಥ ಮರೆವು ಎಂದು ನೀವು ಕೇಳಬಹುದು. ಆದರೆ ಆ ದಿನಚರಿಯನ್ನು ಬರೆದವಳೂ ನಾನೇ ಅಲ್ಲವೆ? ಅದರಲ್ಲಿ ನಾನು ಯಾವಾಗಲೂ ಇದ್ದದ್ದಕ್ಕಿಂತ ತುಸು ಹೆಚ್ಚು ತಾಳ್ಮೆಯವಳಾಗಿ ಕಾಣುತ್ತೇನೆ. ಈ ವರ್ಷ ಓದಲೇಬೇಕಾದ ಪುಸ್ತಕಗಳ ಪಟ್ಟಿಯೂ ಅದರಲ್ಲೇ ಇದೆ. ನಾಲ್ಕನೆಯದು ಒಂದು ದಪ್ಪ ಕಾದಂಬರಿ. ಯಾರು ಹೇಳಿದ್ದಕ್ಕೆ ಸೇರಿಸಿದೆನೋ ನೆನಪಿಲ್ಲ. ನೆನಪಿದ್ದರೆ ಅವರ ಜೊತೆ ಮಾತು ಬಿಟ್ಟಿರುತ್ತಿದ್ದೆ.

ಅರವತ್ತು ಪುಟ ದಾಟುವಷ್ಟರಲ್ಲಿ ಇದು ನನ್ನ ಕೈಲಾಗದು ಎನಿಸಿತು. ನಾಯಕ ಮದುವೆಗೆ ಒಪ್ಪುವುದಕ್ಕೆ ಮೂರು ಅಧ್ಯಾಯ, ಒಪ್ಪಿದ್ದಕ್ಕೆ ಪರಿತಪಿಸುವುದಕ್ಕೆ ಐದು. ಬಿಟ್ಟುಬಿಡುತ್ತಿದ್ದೆ. ಅಡ್ಡ ಬಂದವಳು ಕಸ್ತೂರಿ, ನನ್ನ ಮೈದುನನ ಹೆಂಡತಿ. ಹುನಗುಂದದಲ್ಲಿ ನಮ್ಮೆಲ್ಲರದೂ ಒಂದೇ ಮನೆ. ಬೆಳಿಗ್ಗೆ ನಾನು ಪಾಠ ಹೇಳಲು ಬಾಗಲಕೋಟೆಯ ಕಾಲೇಜಿಗೆ, ಅವಳು ನರ್ಸ್ ಕೆಲಸಕ್ಕೆ ಅಮೀನಗಡದ ದವಾಖಾನೆಗೆ, ಒಂದೇ ಬಸ್ಸಿನಲ್ಲಿ ಹೊರಡುತ್ತೇವೆ. ಪಕ್ಕದಲ್ಲಿ ಕೂತು ಅವಳೂ ಓದುತ್ತಿದ್ದಾಳೆಂದು ನನಗೆ ತಿಳಿದದ್ದೇ ಒಂದು ದಿನ ಪುಟ ತಿರುವಹೋಗಿ ಅವಳ ಮೊಣಕೈ ತಿವಿದಾಗ.

“ತಡೀರಿ ಅಕ್ಕಾರ, ಇನ್ನ ಎರಡ ಸಾಲ ಅದಾವ.”

ಪುಸ್ತಕವನ್ನು ಅವಳಿಗೇ ಕೊಟ್ಟು ಪಾರಾಗಲು ನೋಡಿದೆ. “ಮನಿಯಾಗ ನಾ ಪುಸ್ತಕ ತೆಗದ್ರ ಕುಕ್ಕರ್ ಸೀಟಿ ಹೊಡೀತೈತ್ರಿ” ಎಂದಳು. ಓದಲು ಅವಳಿಗೆ ಸಿಗುವುದು ಆ ಬಸ್ಸಿನ ಅರ್ಧ ಗಂಟೆ ಮಾತ್ರ.

ಒಮ್ಮೆ ಮೋಸ ಮಾಡಿದೆ. ಗುರುತಿಗಿಟ್ಟ ಟಿಕೆಟನ್ನು ನಲವತ್ತು ಪುಟ ಮುಂದಕ್ಕೆ ಸರಿಸಿದೆ. ಐವತ್ತೂ ಇರಬಹುದು, ದಿನಚರಿಯಲ್ಲಿ ‘ಕೆಲವು ಪುಟ’ ಎಂದಷ್ಟೇ ಬರೆದುಕೊಂಡಿದ್ದೇನೆ. ಮರುದಿನ ಕಸ್ತೂರಿ ನಾಲ್ಕು ಸಾಲು ಓದಿ ತಲೆ ಎತ್ತಿದಳು.

“ನಿನ್ನೆ ಈ ನಾಯಕನ ಮಾವಗ ಜ್ವರ ಬಂದು ಹಾಸಿಗಿ ಹಿಡದಿದ್ದ. ಇವತ್ತ ಹೊಲದಾಗ ಗಳೆ ಹೊಡ್ಯಾಕತ್ತಾನಲ್ರಿ?”

“ಗುಳಿಗಿ ತಗೊಂಡ, ಆರಾಮ ಆತು” ಎಂದೆ.

“ಯಾವ ಗುಳಿಗಿ ಹೇಳ್ರಿ, ನಮ್ಮ ದವಾಖಾನಿಗೂ ತರಸೂಣು.”

ಮುಂದಿನ ಸೀಟಿನ ಹೆಂಗಸು ಹಿಂದಿರುಗಿ ನೋಡಿ ನಕ್ಕಳು. ನಾವು ಮರ್ಯಾದೆಯಿಂದ ಹಿಂದಿನ ಪುಟಗಳಿಗೆ ಹೋದೆವು.

ಆ ಗುಳಿಗೆಯ ನಗು ಒಂದು ವಾರ ನಡೆಯಿತು. ನಾಯಕಿ ಮಾತುಮಾತಿಗೆ ತಲೆಸುತ್ತಿ ಬಿದ್ದಾಗಲೆಲ್ಲ ಕಸ್ತೂರಿ, “ಪ್ರೇಮ ಅಲ್ರಿ ಇದು, ಮೈಯಾಗ ರಕ್ತ ಇಲ್ಲ” ಎನ್ನುವಳು. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದವರು ನಾವು. ಮಾತು ಹಾಲು ಬಂತೇ, ನಳ ಬಂತೇ ಎಂಬುದರಾಚೆ ಹೋಗಿರಲಿಲ್ಲ. ಇವಳಿಗೆ ಪುಸ್ತಕವೆಂದರೆ ಅಷ್ಟಕ್ಕಷ್ಟೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಒಳ್ಳೆಯ ಕಾದಂಬರಿಗಳನ್ನೆಲ್ಲ ಒಬ್ಬಳೇ ಓದಿ ಕಪಾಟಿಗೆ ಸೇರಿಸಿದ್ದೇನೆ. ಯಾವುದೂ ನನಗೆ ಇಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ. ಈ ಲೇಖಕರು ಎಲ್ಲಿದ್ದರೂ ಚೆನ್ನಾಗಿರಲಿ. ಪುಸ್ತಕವನ್ನು ಮಾತ್ರ ಯಾರಿಗೂ ಓದಿ ಎನ್ನಲಾರೆ.

ಇನ್ನು ಮೂವತ್ತು ಪುಟ ಉಳಿದಿವೆ. ಅಷ್ಟರಲ್ಲಿ ಕಸ್ತೂರಿಗೆ ಇಳಕಲ್ಲಿಗೆ ವರ್ಗವಾಗಿದೆ. ಸೋಮವಾರದಿಂದ ಅವಳ ಬಸ್ಸು ಆ ಕಡೆ, ನನ್ನದು ಈ ಕಡೆ. ಎರಡು ತಿಂಗಳಿಂದ ಬಿಡಬೇಕೆಂದು ಹಂಬಲಿಸಿದ ಪುಸ್ತಕವನ್ನು ಬಿಡಲು ಈಗ ಯಾರ ಅಡ್ಡಿಯೂ ಇಲ್ಲ. ಆದರೂ ಚೀಲದಿಂದ ತೆಗೆಯುತ್ತೇನೆ, ಮತ್ತೆ ಚೀಲಕ್ಕೇ ಹಾಕುತ್ತೇನೆ. ಕೊನೆಗೆ ನಿನ್ನೆ ಸಂಜೆ ಅವಳು ಶೇಂಗಾ ಹುರಿಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ನಿಂತೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯದಿದ್ದ ಮಾತು ಬಾಯಿಗೆ ಬಂತು.

“ಕಸ್ತೂರಿ, ರವಿವಾರ ಅಡಗಿ ಎಲ್ಲಾ ನಾ ನೋಡ್ಕೊಂತೀನಿ. ಉಳದದ್ದು ನೀ ಕುಂತು ಓದಿ ನನಗ ಹೇಳ್ತೀಯೇನು?”

ಅವಳು ಒಲೆ ಸಣ್ಣ ಮಾಡಿ, ಸರದಿ ತಪ್ಪಿಸಿ ಒಳಗೆ ಬಂದ ರೋಗಿಯನ್ನು ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.