ನಮ್ಮತ್ತೆಯ ಪುತಳಿ ಮತ್ತು ತಮ್ಮ ಬಹಮನಿ ಕಾಯಿನ್

ಮಾನ್ಯರೇ,

ಬಹಮನಿ ಕಾಯಿನ್ ಎಂಬ ಡಿಜಿಟಲ್ ನಾಣ್ಯದ ಸಂಸ್ಥಾಪಕರೂ, ಬೀದರದ ನೌಬಾದದಲ್ಲಿ ಎಸಿ ಹಾಕಿಸಿದ ಆಫೀಸಿನ ಒಡೆಯರೂ ಆದ ಶ್ರೀ ಅವಿನಾಶ ಅವರ ದಿವ್ಯ ಸನ್ನಿಧಿಗೆ, ಭಾಲ್ಕಿ ಬಸ್ ನಿಲ್ದಾಣದ ಹಿಂದೆ ಲಗ್ನಪತ್ರಿಕೆ, ಫ್ಲೆಕ್ಸ್ ಅಚ್ಚು ಹಾಕುವ ಅಂಗಡಿಯ ಶಶಿಕಲಾ ಮಾಡುವ ಶರಣು ಶರಣಾರ್ಥಿ. ತಾವು ಕ್ಷೇಮವೆಂದು ಬಲ್ಲೆ. ನಾನು ಫೋನ್ ಮಾಡಿದಾಗಲೆಲ್ಲ ತಾವು ಮೀಟಿಂಗಿನಲ್ಲಿ ಕ್ಷೇಮವಾಗಿರುವಿರೆಂದು ತಮ್ಮ ಆಫೀಸಿನವರು ತಿಳಿಸುತ್ತಲೇ ಇದ್ದಾರೆ. ಹೀಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ, ತಮಗೂ ಕೇಳಿಸಲೆಂದು.

ಎರಡು ತಿಂಗಳ ಹಿಂದೆ ತಾವು ನನ್ನ ಅಂಗಡಿಗೆ ದಯಮಾಡಿಸಿ, ‘ಅಕ್ಕಾರ, ನಮ್ಮ ಕಾಯಿನ್‌ಗೊಂದು ಬಂಗಾರದ ಲೋಗೋ ಮಾಡ್ರಿ, ನೋಡಿದವ್ರು ಕೈ ಚಾಚಬೇಕು’ ಎಂದು ಅಪ್ಪಣೆ ಕೊಟ್ಟದ್ದು ನನ್ನ ಭಾಗ್ಯ. ಹದಿನೇಳು ಸಲ ಮಾಡಿದೆ. ಒಂದು ಬಿಸ್ಕೀಟಿನಂತಿದೆ ಎಂದಿರಿ, ಇನ್ನೊಂದು ಪೇಢೆಯಂತಿದೆ ಎಂದಿರಿ, ಮತ್ತೊಂದರಲ್ಲಿ ತೂಕ ಕಾಣಿಸುತ್ತಿಲ್ಲವೆಂದು ನೊಂದುಕೊಂಡಿರಿ. ಇಲ್ಲದ ನಾಣ್ಯದ ನೆರಳು ಎಡಕ್ಕೆ ಬೀಳಬೇಕೋ ಬಲಕ್ಕೋ ಎಂಬುದನ್ನು ನಾವಿಬ್ಬರೂ ಮೂರು ದಿನ ಚರ್ಚಿಸಿದೆವು. ಇಷ್ಟು ಗಹನವಾದ ಚಿಂತನೆ ನನ್ನ ಅಂಗಡಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

ನನ್ನ ಪರದಾಟ ನೋಡಲಾರದೆ ಖಟಕ ಚಿಂಚೋಳಿಯ ನಮ್ಮ ಮನೆಯಲ್ಲಿ ಅತ್ತೆ ಅನುಸೂಯಾಬಾಯಿ ಕೊರಳಿನ ಪುತಳಿ ಸರ ತೆಗೆದರು. ಬಂಗಾರದ ನಾಣ್ಯ ಪೋಣಿಸಿದ ಆ ಸರ ಅವರಿಗೆ ಅವರ ಅತ್ತೆಯಿಂದ ಬಂದದ್ದು. ಅದರ ದಾರಕ್ಕೆ ಅವರೇ ಕತ್ತರಿ ಹಾಕಿ, ಒಂದು ನಾಣ್ಯ ಬಿಡಿಸಿ, ‘ಇದನ್ನ ನೋಡಿ ಮಾಡವ್ವಾ, ನಿನ್ನ ಕೆಲಸ ಛಲೋ ಆಗ್ಲಿ’ ಎಂದರು. ಸ್ಕ್ಯಾನರಿನ ಮೇಲಿಟ್ಟೆ, ಬಿಸಿಲಿಗೆ ಹಿಡಿದೆ, ಸವೆದ ಅಂಚನ್ನೂ ಬಿಡದೆ ಬರೆದೆ. ಹದಿನೆಂಟನೆಯ ಲೋಗೋ ನೋಡಿ ತಾವು ‘ವಾಹ್, ಇದು ಅಸಲಿ’ ಎಂದಿರಿ. ಆಮೇಲೆ ಮೇಜಿನ ಮೇಲಿದ್ದ ಅಸಲಿಯೂ ತಮ್ಮ ಕಣ್ಣಿಗೆ ಬಿತ್ತು. ‘ಬೀದರದಾಗ ಪಾರ್ಟ್ನರ್ ಮಂದಿಗಿ ತೋರಿಸಿ ನಾಳಿ ತಂದ ಕೊಡ್ತೇನ್ರಿ’ ಎಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಿರಿ. ಅತ್ತೆಯನ್ನು ಒಂದು ಮಾತು ಕೇಳದೆ ಕೊಟ್ಟವಳು ನಾನು, ಅದು ನನ್ನದೇ ತಪ್ಪು. ತಮ್ಮ ಆ ನಾಳೆಗೆ ಇಂದಿಗೆ ಮೂವತ್ತೊಂದು ದಿನ.

ಬದಲಿಗೆ ತಾವು ದೊಡ್ಡ ಮನಸ್ಸು ಮಾಡಿ ನನ್ನ ಫೋನಿಗೆ ಹನ್ನೊಂದು ಬಹಮನಿ ಕಾಯಿನ್ ಕಳಿಸಿ, ಬಂಗಾರಕ್ಕಿಂತ ಇವೇ ಮೇಲೆಂದು ಸಂದೇಶ ಹಾಕಿದಿರಿ. ನಾಣ್ಯದ ಬದಲು ಬಂದದ್ದು ಇದು ಎಂದು ಅತ್ತೆಗೆ ತೋರಿಸಿದೆ. ನಾಣ್ಯದ ಆಚೆ ಮಗ್ಗುಲು ನೋಡಲೆಂದು ಅವರು ಫೋನನ್ನೇ ಮಗುಚಿ, ಕವರಿನ ಮೇಲಿನ ಹೂವಿನ ಚಿತ್ರ ನೋಡಿ, ಮರಳಿ ನನ್ನ ಕೈಗಿಟ್ಟರು. ಅಂದಿನಿಂದ ಇಪ್ಪತ್ತು ದಿನ, ನನ್ನ ಜೊತೆ ಮಾತಿಲ್ಲ. ಅದೇ ವಾರ ಅಂಗಡಿಗೆ ಹೊಸ ಮಷೀನು ಬಂದದ್ದರಿಂದ, ಸೊಸಿ ಅತ್ತಿ ಬಂಗಾರ ಮಾರಿ ಮಷೀನ ತಂದಾಳ ಎಂದು ನಮ್ಮ ಓಣಿಯ ಮೀರಾಬಾಯಿ ಮನೆಮನೆಗೂ ಮುಟ್ಟಿಸಿದ್ದಾರೆ. ಅತ್ತೆ ಅದನ್ನು ನಂಬಿದ್ದಾರೋ ಇಲ್ಲವೋ ಗೊತ್ತಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಾರೆ, ಮುಖ ಮಾತ್ರ ಗೋಡೆಯ ಕಡೆ. ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಬೇಕಾದಷ್ಟು ಜಗಳ ಆಡಿದ್ದೇವೆ, ಹೀಗೆ ಒಂದು ದಿನವೂ ಸುಮ್ಮನಿದ್ದಿಲ್ಲ.

ಆದ್ದರಿಂದ ಸಣ್ಣದೊಂದು ಬಿನ್ನಹ. ತಮ್ಮ ಹನ್ನೊಂದು ಕಾಯಿನ್‌ಗಳನ್ನು ಸರ ಪೋಣಿಸುವ ಪಟವೇಗಾರರ ಹತ್ತಿರ ಒಯ್ದಿದ್ದೆ. ದಾರ ಹಾಕುವುದು ಎಲ್ಲಿ ಎಂದು ಕೇಳಿದರು. ಮುಂದಿನ ಸಲ ಆ್ಯಪ್ ಅಪ್‌ಡೇಟ್ ಮಾಡುವಾಗ ದಯಮಾಡಿ ಪ್ರತಿಯೊಂದಕ್ಕೂ ಒಂದು ಕೊಂಡಿ ಹಚ್ಚಿಸಬೇಕು, ಕೊರಳಲ್ಲಿ ಹಾಕಿ ನಡೆದರೆ ಸಣ್ಣಗೆ ಸದ್ದು ಬರುವಂತೆ ಮಾಡಬೇಕು, ಚಾರ್ಜ್ ಮುಗಿದ ಮೇಲೂ ಲಗ್ನದ ಮನೆಯಲ್ಲಿ ನಾಲ್ಕು ಮಂದಿಗೆ ಕಾಣುವಂತೆ ಏರ್ಪಾಟಾಗಬೇಕು. ಅಷ್ಟು ತೊಂದರೆ ಬೇಡವೆನಿಸಿದರೆ ಇನ್ನೊಂದು ದಾರಿಯಿದೆ. ಚಿತ್ರಕ್ಕೂ ನಾಣ್ಯಕ್ಕೂ ಫರಕೇ ಇಲ್ಲವೆಂದು ಔರಾದದಲ್ಲಿ ನಡೆದ ಕಾಯಿನ್ ಪ್ರಚಾರದ ಸಭೆಯಲ್ಲಿ ತಾವು ಮೈಕು ಹಿಡಿದು ಹೇಳಿದಿರಂತೆ. ಫರಕೇ ಇಲ್ಲವೆಂದ ಮೇಲೆ ಚಿತ್ರ ತಾವಿಟ್ಟುಕೊಳ್ಳಿ, ನಾಣ್ಯ ನಮಗೆ ಕೊಡಿ. ತಮಗೇನೂ ನಷ್ಟವಾಗದು.

ಲೋಗೋದ ಮಟ್ಟಿಗಾದರೂ ತಮ್ಮ ವಿಶ್ವಾಸಿ,
ಶಶಿಕಲಾ

ತಾ.ಕ.: ಇಷ್ಟು ಬರೆದು ಎರಡು ದಿನವಾಯಿತು. ಈ ನಡುವೆ ಔರಾದದ ತಮ್ಮ ಎರಡನೆಯ ಸಭೆಗೆಂದು ಹತ್ತು ಫ್ಲೆಕ್ಸ್ ಮಾಡಲು ತಮ್ಮ ಆಫೀಸಿನವರು ನನಗೇ ಹೇಳಿದರು. ಮಾಡಿ, ಇವತ್ತು ಮುಂಜಾನೆ ಕಟ್ಟಿಸಿಯೂ ಆಗಿದೆ. ಮೇಲೆ ತಮ್ಮ ಲೋಗೋ, ಕೆಳಗೆ ಕೈಮುಗಿದ ತಮ್ಮ ಭಾವಚಿತ್ರ, ಎರಡೂ ಚೆನ್ನಾಗಿ ಬಂದಿವೆ. ನಡುವೆ ಮಾತ್ರ ‘ಈ ನಾಣ್ಯ ಖಟಕ ಚಿಂಚೋಳಿಯ ಅನುಸೂಯಾಬಾಯಿ ಅವರದು, ಒಯ್ದವರು ಇವರು’ ಎಂಬ ಒಂದು ಸಾಲು ನನ್ನ ಕಡೆಯಿಂದ. ಅಚ್ಚಿಗೆ ಹಾಕುವ ಮುಂಚೆ ಮಾದರಿಯನ್ನು ಅತ್ತೆಯ ಮುಂದೆ ಹಿಡಿದಿದ್ದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು, ಆಮೇಲೆ ನನ್ನ ಮುಖ ನೋಡಿ, ‘ಅಕ್ಷರ ಸಣ್ಣ ಆಗ್ಯಾವ, ದೊಡ್ಡು ಮಾಡವ್ವಾ’ ಎಂದರು.