ನನ್ನ ತಮ್ಮನನ್ನು ದಾರಿ ಬಿಡಿಸಿ ಹಿಮದಲ್ಲಿ ಇಳಿಸಲಿರುವ ಸಾಹೇಬರಿಗೆ

ಆಲ್ಪ್ಸ್ ಪರ್ವತದಲ್ಲಿ ಇದ್ದ ದಾರಿ ಬಿಟ್ಟು ಇಲ್ಲದ ಕಡೆಗೆ ಜನರನ್ನು ಕರೆದೊಯ್ದು, ಅದರಿಂದಲೇ ಮಾರ್ಗದರ್ಶಕರೆಂದು ಹೆಸರು ಪಡೆದಿರುವ ಮಹಾಮಾನ್ಯ ಲೂಕಾಸ್ ಸಾಹೇಬರ ಸನ್ನಿಧಿಗೆ, ಬೀದರ ಶಹರದ ಮೈಲೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಕೌಸಲ್ಯಾಬಾಯಿಯ ಅನಂತ ನಮಸ್ಕಾರಗಳು. ತಾವು, ತಮ್ಮ ಮನೆಯವರು ಹಾಗೂ ತಮ್ಮ ಹಿಮ ಎಲ್ಲರೂ ಕ್ಷೇಮವಾಗಿರಲಿ, ಅದರಲ್ಲೂ ಹಿಮ ಇದ್ದ ಜಾಗದಲ್ಲೇ ಕ್ಷೇಮವಾಗಿರಲಿ ಎಂದು ಹಾರೈಸುತ್ತೇನೆ.

ಮಾನ್ಯರೇ, ಮೊದಲಿಗೆ ನನ್ನ ಕನಸನ್ನು ನಿವೇದಿಸಿಕೊಳ್ಳುವುದು ಯೋಗ್ಯ, ಯಾಕೆಂದರೆ ಅದರಲ್ಲಿ ತಾವೂ ಇದ್ದಿರಿ. ಮೊನ್ನೆ ಮಧ್ಯಾಹ್ನ ಒಂದು ಬ್ಲೌಸಿಗೆ ತೋಳು ಕೂಡಿಸುತ್ತಿದ್ದವಳು ಮಿಷನ್ನಿನ ಮೇಲೇ ತಲೆಯಿಟ್ಟು ಕಣ್ಣು ಮುಚ್ಚಿದೆ. ತಮ್ಮ ಪರ್ವತದ ಹಿಮವೆಲ್ಲ ಒಂದೇ ಸಲಕ್ಕೆ ಜಾರಿ, ನಡುವಿನ ದೇಶಗಳನ್ನೆಲ್ಲ ದಾಟಿ, ಚಿದ್ರಿ ರಸ್ತೆಗೆ ಬಂದು ನಿಂತಿತ್ತು. ಓಣಿಯ ಹೆಂಗಸರೆಲ್ಲ ಕೊಡ, ಬಕೀಟು, ಕೈಗೆ ಸಿಕ್ಕ ಪಾತ್ರೆ ಹಿಡಿದು ಓಡಿದರು. ತಾವು ಕರಿ ಕನ್ನಡಕ ಹಾಕಿಕೊಂಡು ಸಾಲು ಸರಿಮಾಡುತ್ತಿದ್ದಿರಿ. ನಾನೂ ಸಾಲಿನಲ್ಲಿ ನಿಂತೆ, ನಡುವೆ ನುಗ್ಗಿದವಳ ಜೊತೆ ಜಗಳವನ್ನೂ ಆಡಿದೆ. ಆ ಹಿಮದ ಒಳಗೆ ನನ್ನ ತಮ್ಮ ಗೋರಖನಾಥ ಸಿಕ್ಕಿಕೊಂಡಿದ್ದಾನೆ ಎಂಬುದು ನೆನಪಾದದ್ದು ನನ್ನ ಕೊಡ ತುಂಬಿದ ಮೇಲೆ. ಎಚ್ಚರಾಗಿ ನೋಡಿದರೆ ಬ್ಲೌಸಿನ ತೋಳು ಉಲ್ಟಾ ಕೂತಿತ್ತು. ಬಿಚ್ಚಿ ಮತ್ತೆ ಹಾಕಿದೆ. ಅದರ ಕೂಲಿಯನ್ನು ತಮ್ಮಿಂದ ಕೇಳುತ್ತಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ತಮ್ಮ ಪರ್ವತದ ಬುಡದ ಹೋಟೆಲಿನಲ್ಲಿ ಅಡುಗೆ ಮಾಡುವ ಈ ಗೋರಖನನ್ನು ತಾವು ಬರುವ ರವಿವಾರ, ಎಲ್ಲರೂ ಜಾರುವ ಹದಮಾಡಿದ ದಾರಿ ಬಿಡಿಸಿ, ಯಾರೂ ತುಳಿಯದ ಹೊಸ ಹಿಮದಲ್ಲಿ, ಎರಡೂ ಕಾಲು ಒಂದೇ ಹಲಗೆಗೆ ಬಿಗಿದು, ಮೇಲಿನಿಂದ ಕೆಳಗೆ ಇಳಿಸಲಿದ್ದೀರಿ ಎಂದು ತಿಳಿದುಬಂದಿದೆ. ನಮ್ಮಲ್ಲಿ ಎರಡೂ ಕಾಲು ಕೂಡಿಸಿ ಕಟ್ಟುವುದು ಮೇಯಲು ಬಿಟ್ಟ ತುಡುಗು ಕತ್ತೆಗೆ, ಅದೂ ಓಡಿಹೋಗಬಾರದೆಂದು. ತಾವು ಓಡಲೆಂದೇ ಕಟ್ಟುತ್ತೀರಿ. ತಮ್ಮ ಮುಂದುವರಿದ ವಿಚಾರಕ್ಕೆ ತಲೆಬಾಗುತ್ತೇನೆ.

ಆಲ್ಪ್ಸ್ ಎಲ್ಲಿದೆ ಎಂದು ನನಗೆ ಸರಿಯಾಗಿ ತಿಳಿಯದು, ಅದಕ್ಕಾಗಿ ತಾವು ಬೇಜಾರು ಮಾಡಿಕೊಳ್ಳಬಾರದು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಭೂಗೋಳದ ಪುಸ್ತಕ ಯುರೋಪಿಗೆ ಬರುವಷ್ಟರಲ್ಲಿ ಮಳೆ ಹೋಗಿ, ನಾವು ಮನೆಮಂದಿಯೆಲ್ಲ ಔರಾದ ಕಡೆಯ ನಮ್ಮ ಊರು ಬಿಟ್ಟು ಕಬ್ಬು ಕಡಿಯಲು ಗಡಿಯಾಚೆ ಹೋದೆವು. ತಿರುಗಿ ಬಂದಾಗ ಮಾಸ್ತರರು ಆಫ್ರಿಕಾ ಮುಗಿಸಿದ್ದರು, ಹಾಜರಿಯಲ್ಲಿ ನನ್ನ ಹೆಸರನ್ನೂ ಮುಗಿಸಿದ್ದರು. ಗೋರಖ ದೊಡ್ಡವನಾಗಿ ಬಾವಿಗಳ ಹೂಳು ತೆಗೆಯುವ ಕೆಲಸಕ್ಕೆ ಬಿದ್ದ. ಮುಂದೆ ಮತ್ತೆ ಬರ ಬಂದು, ಔರಾದ, ಭಾಲ್ಕಿ ಎರಡೂ ಕಡೆ ಎಷ್ಟು ಹೂಳು ತೆಗೆದರೂ ಕೆಳಗೆ ಬಂಡೆಯೇ ಸಿಗತೊಡಗಿದಾಗ, ಹೈದರಾಬಾದಿನ ಒಂದು ಹೋಟೆಲಿನ ಅಡುಗೆಮನೆ ಸೇರಿದ. ಅಲ್ಲಿಂದ ಒಂದು ಪ್ರವಾಸ ಕಂಪನಿಯ ಅಡುಗೆಯವನಾಗಿ ತಮ್ಮ ಊರು ಮುಟ್ಟಿದ. ನಮ್ಮ ದೇಶದವರು ಅಷ್ಟು ದೂರ ಬಂದು ತಮ್ಮ ಹಿಮವನ್ನು ನೋಡುತ್ತಾರೆ, ಉಣ್ಣುವಾಗ ಮಾತ್ರ ತೊಗರಿಬೇಳೆಯನ್ನೇ ಕೇಳುತ್ತಾರೆ ಎಂಬುದು ತಮಗೂ ಗೊತ್ತಿದ್ದದ್ದೇ.

ಅವನು ಬಿಡುವಿದ್ದ ದಿನಗಳಲ್ಲಿ ಹಲಗೆಯ ಮೇಲೆ ನಿಲ್ಲುವುದನ್ನು ಕಲಿತ, ಇದು ಅವನಿಗೆ ಅಲ್ಲಿ ಮೂರನೇ ಚಳಿಗಾಲ. ಹದಮಾಡಿದ ದಾರಿಯಲ್ಲಿ ಜಾರಿಕೊಂಡು ಸುಮ್ಮನಿದ್ದ. ಅಷ್ಟರಲ್ಲಿ ನಾನು ಕುಟ್ಟಿ ಕಳಿಸಿದ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ರುಚಿ ತಾವು ನೋಡಿದಿರಿ. ಬ್ರೆಡ್ಡಿಗೆ ಹಚ್ಚಿಕೊಂಡು ಡಬ್ಬಿ ಖಾಲಿ ಮಾಡಿ, ಕಣ್ಣಲ್ಲಿ ನೀರು ತಂದುಕೊಂಡು, ಉಪಕಾರ ತೀರಿಸಲೆಂದು ಅವನನ್ನು ಗಿರಾಕಿಗಳ ಗುಂಪಿನ ಜೊತೆ ಪುಕ್ಕಟೆಯಾಗಿ ಕರೆದೊಯ್ಯುವೆನೆಂದು ಮಾತು ಕೊಟ್ಟಿರಿ. ನಮ್ಮಲ್ಲಿ ಹಿಂಡಿ ತಿಂದವರು ‘ಚಲೋ ಆಗ್ಯಾದ’ ಎಂದು ಖಾಲಿ ಡಬ್ಬಿ ತೊಳೆದು ಕೊಡುತ್ತಾರೆ. ಮನುಷ್ಯನನ್ನು ಗುಡ್ಡದಿಂದ ಕೆಳಗೆ ಬಿಡುವ ಪದ್ಧತಿ ಇಲ್ಲ.

ದಾರಿ ಇಲ್ಲದ ಕಡೆ ಹೋಗುವುದೇ ಇದರಲ್ಲಿಯ ಮಜಾ ಎಂದು ತಾವು ಜಾಹೀರಾತಿನಲ್ಲಿ ಹೇಳಿದ್ದನ್ನು ಗೋರಖ ಓದಿ ಹೇಳಿದ. ಈ ಆಸೆಗಾಗಿ ತಾವು ಅಷ್ಟು ಚಳಿಯಲ್ಲಿ ಯಾಕೆ ಕಷ್ಟಪಡಬೇಕು? ಮನ್ನಳ್ಳಿ ದಾಟಿ ಒಂದಿಷ್ಟು ಒಳಗೆ ಬನ್ನಿ. ಗುತ್ತಿಗೆದಾರರು ತಮ್ಮಂಥವರಿಗಾಗಿಯೇ ರಸ್ತೆ ಮಾಡದೆ ಬಿಟ್ಟಿರುವ ಜಾಗಗಳಿವೆ. ಹಿಮದ ಬದಲು ಧೂಳು ಇರುತ್ತದೆ, ಆದರೆ ಅದೂ ಮೊಣಕಾಲಮಟ ಇರುತ್ತದೆ, ಬೇಸಿಗೆಯಲ್ಲಿ ಕರಗುವುದೂ ಇಲ್ಲ. ಗರ್ಭಿಣಿಯರನ್ನೂ ನಾವು ಅದೇ ದಾರಿಯಲ್ಲಿ ಟಂಟಂ ರಿಕ್ಷಾದಲ್ಲಿ ಕೂರಿಸಿ ಬೀದರ ದವಾಖಾನೆಗೆ ಒಯ್ಯುತ್ತೇವೆ, ಅವರಿಗೆ ಯಾರೂ ಹೆಲ್ಮೆಟ್ ಕೊಟ್ಟದ್ದು ನಾನು ಕಂಡಿಲ್ಲ.

ತಾವು ಮಾತ್ರ ಹೆಲ್ಮೆಟ್ ಕೊಡುತ್ತೀರಿ, ಹಿಮ ಕುಸಿದು ಯಾರಾದರೂ ಹೂತುಹೋದರೆ ಚುಚ್ಚಿ ನೋಡಲು ಉದ್ದನೆಯ ಸರಳು ಕೊಡುತ್ತೀರಿ, ಮೇಲಾಗಿ ಪ್ರತಿಯೊಬ್ಬರ ಬೆನ್ನಿಗೂ ಒಂದೊಂದು ಸಲಿಕೆ ಕೊಡುತ್ತೀರಿ. ಈ ಸಲಿಕೆಯ ಸುದ್ದಿ ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಪಕ್ಕದ ಮನೆಯ ಚಾಂದಬೀ, ಸಮಾಧಾನ ಮಾಡಲೆಂದೇ ಬಂದವಳು, ನನ್ನ ಮಾತನ್ನೆಲ್ಲ ಕೇಳಿ, “ಅಕ್ಕಾ, ದಾವತ್ತಿಗಿ ಕರಿಯೋರು ಪಾನಬೀಡಾ ಕೊಡ್ತಾರ. ಇವರು ಬಾಗಲದಾಗೇ ಸಲಿಕಿ ಕೊಡ್ತಾರಂದ್ರ ದಾವತ್ ಎಂಥದ್ದು ಇದ್ದೀತು ನೋಡ್ರಿ” ಎಂದು ಹೇಳಿ, ನನ್ನ ಚಹಾ ಕುಡಿದು ಹೋದಳು. ಇಂಥ ಸಮಾಧಾನಕ್ಕೆ ತಾವೇ ಹೊಣೆ.

ಕಳೆದ ವಾರ ತಾವು ಗುಂಪಿಗೆಲ್ಲ ಒಂದು ಸಣ್ಣ ಇಳಿಜಾರಿನಲ್ಲಿ ತಾಲೀಮು ಕೊಟ್ಟಾಗ ಗೋರಖನಿಂದ ತೊಂದರೆಯಾಯಿತಂತೆ. ಅದರ ಬಗ್ಗೆ ಅವನ ಪರವಾಗಿ ಖುಲಾಸೆ ಮಾಡುತ್ತೇನೆ. ನಮ್ಮ ಕಡೆ ಹೂಳು ತೆಗೆಯುವವನು ಬಾವಿಯೊಳಗೆ ನೀರಿನ ಸೆಲೆ ಕಂಡರೆ, ಅದಕ್ಕೆ ಕಾಲು ತಾಗಿಸುವ ಮೊದಲು ಬೆರಳದ್ದಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಗೋರಖ ಹೊಸ ಹಿಮ ಕಂಡವನೇ ಬಗ್ಗಿ ಹಾಗೆಯೇ ಒತ್ತಿಕೊಂಡ. ಅವನ ಹಿಂದಿದ್ದ ತಮ್ಮ ಗಿರಾಕಿಗಳು, ಇದು ಜೀವ ಉಳಿಸುವ ನಿಯಮ ಇರಬೇಕೆಂದು, ಒಬ್ಬೊಬ್ಬರಾಗಿ ಕೈಗವಸು ಬಿಚ್ಚಿ, ಕನ್ನಡಕ ಎತ್ತಿ, ಕಣ್ಣಿಗೆ ಹಿಮ ಒತ್ತಿಕೊಂಡರು. ಅವರಲ್ಲೊಬ್ಬ ದೊಡ್ಡ ವಕೀಲರು ಮೊದಲು ಎಡಗಣ್ಣೋ ಬಲಗಣ್ಣೋ ಎಂದು ತಮ್ಮನ್ನೇ ಕೇಳಿದರಂತೆ. ತಾವು ಏನು ಉತ್ತರ ಕೊಟ್ಟಿರಿ ಎಂದು ತಿಳಿಯುವ ಕುತೂಹಲವಿದೆ.

ಎರಡನೆಯ ತೊಂದರೆ ಕೂಗಿದ್ದು. ಒಬ್ಬರು ಪೂರ್ತಿ ಇಳಿಯುವವರೆಗೆ ಉಳಿದವರು ಮೇಲೆ ನಿಲ್ಲಬೇಕೆಂದು ತಾವು ಹೇಳಿದಿರಿ. ಬಾವಿಯಲ್ಲೂ ಹಾಗೆಯೇ ಮಾನ್ಯರೇ, ಆದರೆ ಮೇಲಿದ್ದವರು ಸುಮ್ಮನೆ ನಿಲ್ಲುವಂತಿಲ್ಲ. ಹೆಸರು ಹಿಡಿದು ಕೂಗುತ್ತಿರಬೇಕು, ಕೆಳಗಿದ್ದವನು ‘ಓ’ ಎನ್ನುತ್ತಿರಬೇಕು, ‘ಓ’ ಬರದಿದ್ದರೆ ಹಗ್ಗ ಎಳೆಯಬೇಕು. ಗೋರಖ ಇಳಿದವರನ್ನೆಲ್ಲ ಹೆಸರು ಹಿಡಿದು ಕೂಗಿದ. ಯಾರೂ ‘ಓ’ ಎನ್ನಲಿಲ್ಲ, ಅವರಿಗೆ ಕಲಿಸಿದವರು ಯಾರು? ಇವನು ಇನ್ನೂ ಜೋರಾಗಿ ಕೂಗಿದ. ಮೇಲೆ ಯಾರದೋ ಜೀವ ಹೋಗುತ್ತಿದೆ ಎಂದು ಕೆಳಗೆ ನಿಂತಿದ್ದ ತಾವು ಹಲಗೆ ಹೆಗಲಿಗೆ ಹಾಕಿ, ಸೊಂಟದಮಟದ ಹಿಮದಲ್ಲಿ ಏದುತ್ತ ಹತ್ತಿ ಬಂದಿರಿ. ಬಂದು, ಕೂಗಬಾರದು, ಕೈ ಎತ್ತಿದರೆ ಸಾಕು ಎಂದು ಕಲಿಸಿದಿರಿ. ಅದಕ್ಕೆ ಅವನು, “ಕೈ ಕಾಣ್ತದರಿ ಸಾಹೇಬ್ರೆ, ಒಳಗ ಉಸರು ಅದನೋ ಇಲ್ಲೋ ಹ್ಯಾಂಗ ಕಾಣ್ತದ?” ಎಂದನಂತೆ.

ಆದ್ದರಿಂದ ನನ್ನ ವಿನಂತಿಗಳು ಹೀಗಿವೆ. ರವಿವಾರದೊಳಗೆ ಪರ್ವತವನ್ನು ಒಂದಿಷ್ಟು ತಗ್ಗಿಸಬೇಕು. ಅದು ಆಗದಿದ್ದರೆ ಇಳಿಜಾರಿನ ಉದ್ದಕ್ಕೂ ಕೌದಿ ಹಾಸಬೇಕು, ಹಳೆ ಸೀರೆ ಕೂಡಿಸಿ ಹೊಲಿದುಕೊಡಲು ನಾನು ಸಿದ್ಧಳಿದ್ದೇನೆ. ತಿರುವಿಗೊಬ್ಬ ಚಪರಾಸಿಯನ್ನು ಕೆಂಪು ನಿಶಾನೆ ಕೊಟ್ಟು ನಿಲ್ಲಿಸಬೇಕು. ಇಷ್ಟೂ ಆಗದಿದ್ದರೆ ಆ ಹಿಮವನ್ನು ಅಲ್ಲಿಂದ ತೆಗೆದುಬಿಡಬೇಕು. ಈ ಕೊನೆಯದು ನನ್ನ ಗಂಡ ಕಾಶೀರಾಮರ ಸಲಹೆ. ಅವರು ಈ ಬರದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾರೆ. ಗೋರಖ ಕಳಿಸಿದ ವಿಡಿಯೋ ತೋರಿಸಿದರೆ ಭಾವಮೈದುನನನ್ನು ನೋಡಲೇ ಇಲ್ಲ. “ಇಷ್ಟು ನೀರು ಗುಡ್ಡದ ಮ್ಯಾಲ ಬಿಟ್ಟು ಕುಂತಾರಲ್ಲ, ಇವರಿಗಿ ಹೇಳೋರು ಕೇಳೋರು ಯಾರೂ ಇಲ್ಲೇನು?” ಎಂದು ಮೊಬೈಲ್ ನನಗೆ ಕೊಟ್ಟು, ಟ್ಯಾಂಕರ್ ತೊಳೆಯಲು ಹೋದರು. ತಾವು ಒಪ್ಪಿದರೆ ನಾಳೆಯೇ ಹೊರಡುತ್ತಾರೆ, ಡೀಸೆಲ್ ಮಾತ್ರ ತಮ್ಮದು.

ಇಷ್ಟೆಲ್ಲ ತಕರಾರು ಇದ್ದರೆ ಅವನನ್ನು ಕರೆದೊಯ್ಯಬೇಡಿರೆಂದು ಯಾಕೆ ಬರೆಯುವುದಿಲ್ಲ ಎಂದು ತಾವು ಕೇಳಬಹುದು. ಬರೆಯಲೆಂದೇ ಕೂತಿದ್ದೆ. ಅದಕ್ಕೂ ಮೊದಲು ಅವನಿಗೇ ಫೋನ್ ಹಚ್ಚಿ ಬೈದೆ, ಕಣ್ಣೀರು ಹಾಕಿದೆ, ಭಾಲ್ಕಿಯ ತವರಿನಲ್ಲಿರುವ ಅವನ ಹೆಂಡತಿ ಕೇಶರಬಾಯಿಗೆ ಎಲ್ಲ ಹೇಳಿಬಿಡುತ್ತೇನೆಂದು ಅಂಜಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

“ಅಕ್ಕಾ, ಬಾವ್ಯಾಗ ಇಳಿವಾಗ ಪ್ರತಿ ಸಲ ಕೆಳಗ ನೀರು ಅದನೋ ಇಲ್ಲೋ ಅಂತ ಅಂಜಿಕೋತ ಇಳೀತಿದ್ದೆ. ಇಲ್ಲಿ ಕಾಲಿಟ್ಟಲ್ಲೆಲ್ಲ ನೀರೇ ಅದ. ಒಂದೇ ಸಲ, ಯಾರೂ ತುಳೀಲಾರದ್ದರ ಮ್ಯಾಲ, ಅಂಜದೆ ಇಳಿದು ಬರ್ತೇನಿ. ಬ್ಯಾಡ ಅನಬ್ಯಾಡ.”

ನಾನು ಬೇಡ ಎನ್ನಲಿಲ್ಲ. ಕೇಶರಬಾಯಿಗೂ ಹೇಳಲಿಲ್ಲ. ಹೀಗಾಗಿ ಅವನು ರವಿವಾರ ಸಂಜೆ ಫೋನ್ ಹಚ್ಚುವವರೆಗೆ ಅಂಜುವ ಕೆಲಸ ಪೂರ್ತಿ ನನ್ನೊಬ್ಬಳ ಪಾಲಿಗೆ ಬಂದಿದೆ, ಅದನ್ನು ಚೊಕ್ಕಟವಾಗಿ ಮಾಡುತ್ತಿದ್ದೇನೆ.

ಆ ಮಾತಿನ ಕೊನೆಗೆ ಅವನು ನಗುತ್ತ ಇನ್ನೊಂದು ಸಂಗತಿ ಹೇಳಿದ, ಈ ಪತ್ರ ಹುಟ್ಟಿದ್ದೇ ಅದರಿಂದ. ಎಲ್ಲರ ಎದೆಗೂ ತಾವು ಒಂದು ಸಣ್ಣ ಯಂತ್ರ ಕಟ್ಟುತ್ತೀರಂತೆ. ಅದರ ಗುಂಡಿ ಒಂದು ಕಡೆಗಿದ್ದರೆ ಯಂತ್ರ ‘ಇಲ್ಲಿದ್ದೇನೆ, ಇಲ್ಲಿದ್ದೇನೆ’ ಎಂದು ಕಿವಿಗೆ ಕೇಳದ ಹಾಗೆ ಕೂಗುತ್ತಿರುತ್ತದೆ. ಇನ್ನೊಂದು ಕಡೆಗೆ ಸರಿಸಿದರೆ ತಾನು ಕೂಗುವುದನ್ನು ಬಿಟ್ಟು, ಹೂತುಹೋದವರ ಯಂತ್ರದ ಕೂಗನ್ನು ಕೇಳುತ್ತದೆ. ತಾಲೀಮಿನಲ್ಲಿ ಹುಡುಕುವುದನ್ನು ಕಲಿಸಲು ತಾವು ಎಲ್ಲರ ಗುಂಡಿಯನ್ನೂ ಕೇಳುವ ಕಡೆಗೆ ಸರಿಸಿದಿರಿ. ಕಲಿತಾದ ಮೇಲೆ ಎಲ್ಲರೂ ತಿರುಗಿ ಕೂಗುವ ಕಡೆಗೆ ಸರಿಸಿಕೊಂಡರು, ಗೋರಖ ಮರೆತ. ಸಂಜೆ ತಾವು ಯಂತ್ರಗಳನ್ನು ತಿರುಗಿ ಪಡೆಯುವಾಗ ಅದನ್ನು ನೋಡಿ, ಇಡೀ ದಿನ ನೀನು ಎಲ್ಲರ ಕೂಗು ಕೇಳುತ್ತಿದ್ದೆ, ನಿನ್ನ ಕೂಗು ಯಾರಿಗೂ ಕೇಳುವಂತಿರಲಿಲ್ಲ ಎಂದು ಅವನ ಬೆನ್ನು ತಟ್ಟಿದಿರಿ. ಅವನೂ ನಕ್ಕ. ನಾನು ಇನ್ನೂ ನಕ್ಕಿಲ್ಲ.

ಬೇರೆ ಯಾರ ಮೇಲೂ ವಿಶ್ವಾಸ ಇಡುವಂತಿಲ್ಲದ್ದರಿಂದ ತಮ್ಮ ಮೇಲೆಯೇ ಇಟ್ಟಿರುವ, ತಮ್ಮ ವಿಶ್ವಾಸಿ,
ಕೌಸಲ್ಯಾಬಾಯಿ, ಮೈಲೂರ, ಬೀದರ

ವಿ.ಸೂ.: ತಮ್ಮ ಕಡೆ ಕನ್ನಡ ಓದಬಲ್ಲವನು ಗೋರಖನೊಬ್ಬನೇ ಆದ್ದರಿಂದ ಇದನ್ನು ತಮಗೆ ಅವನೇ ಓದಿ ಹೇಳುತ್ತಾನೆ, ಮತ್ತು ಯಂತ್ರದ ಮಾತು ಬಂದ ಕೂಡಲೇ ‘ಇಲ್ಲಿಗೆ ಪತ್ರ ಮುಗಿಯಿತು, ಅಕ್ಕ ತಮಗೆ ಬಹಳ ಕೇಳಿದ್ದಾಳೆ’ ಎಂದುಬಿಡುತ್ತಾನೆ. ಅದಕ್ಕಾಗಿಯೇ ಇದನ್ನು ಗುಟ್ಟಾಗಿ ಕಳಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ. ಬೀದರ, ಭಾಲ್ಕಿ, ಔರಾದದ ಓದುಗರಲ್ಲಿ ಯಾರಿಗಾದರೂ ಆ ಪರ್ವತದ ಕಡೆ ಬೀಗರಿದ್ದರೆ, ನನ್ನ ಕೌದಿ, ಚಪರಾಸಿ, ಟ್ಯಾಂಕರ್ ಎಲ್ಲವನ್ನೂ ಬಿಟ್ಟು, ಸಾಹೇಬರಿಗೆ ಇದೊಂದನ್ನು ಮುಟ್ಟಿಸಿರಿ: ರವಿವಾರ ಹೊರಡುವ ಮೊದಲು, ‘ಸರಿ ಇದೆಯೇನೋ’ ಎಂದು ಅವನನ್ನು ಕೇಳದೆ, ಅವನ ಅಂಗಿಯ ಗುಂಡಿ ಬಿಚ್ಚಿಸಿಯಾದರೂ ಸರಿ, ಆ ಯಂತ್ರ ಕೂಗುವ ಕಡೆಗೆ ಇದೆಯೋ ಇಲ್ಲವೋ, ತಮ್ಮ ಕಣ್ಣಿನಿಂದಲೇ ಇನ್ನೊಂದು ಸಲ ನೋಡಬೇಕು.